ಹಾಸಿಗೆ ಸುರುಳಿಯಾಗಿ ಬಂದರೆ ಹಳೇ ಮಾಲಾ?

ಪ್ರಶ್ನೆ: ಆನ್‌ಲೈನ್‌ನಲ್ಲಿ 6 ಇಂಚಿನ ಫೋಮ್ ಹಾಸಿಗೆ ತರಿಸಿದೆವು. ಸುರುಳಿ ಸುತ್ತಿ ಉದ್ದನೆಯ ಬಾಕ್ಸ್‌ನಲ್ಲಿ ಬಂತು. ಬಿಚ್ಚಿ ಅಳೆದರೆ 5 ಇಂಚೂ ಇಲ್ಲ. ಗೋಡೌನ್‌ನಲ್ಲಿ ಒತ್ತಿಟ್ಟು ಸತ್ತುಹೋದ ಮಾಲು ಕಳಿಸಿದ್ದೀರಾ?

ಉತ್ತರ: ಇಲ್ಲ. ಮೂರು ದಿನ ಬಿಟ್ಟು ಇನ್ನೊಂದು ಸಲ ಅಳೆಯಿರಿ.

ಆನ್‌ಲೈನ್‌ನಲ್ಲಿ ಮಾರಿದ ಹಾಸಿಗೆಗಳನ್ನು ಕುಶಾಲನಗರದ ಗೋಡೌನ್‌ನಲ್ಲಿಟ್ಟು ಮನೆಗೆ ಕಳಿಸುವವರು ನಾವು. ಇಷ್ಟು ಹೇಳಿ ಫೋನ್ ಇಟ್ಟುಬಿಡಬಹುದು. ಆದರೆ ಜೂನ್ ಬಂತೆಂದರೆ ಇದೇ ಪ್ರಶ್ನೆ, ಜೊತೆಗೆ ಟೇಪ್ ಹಿಡಿದ ಫೋಟೊ ಬೇರೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೇ ಒಂದು ಸಲ ಕೂತು ಬರೆದಿಡುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುವುದು.

'ಒತ್ತಿ ಸುತ್ತಿದರೆ ಹಾಸಿಗೆ ಸತ್ತ ಹಾಗೆ, ಒಳ್ಳೇದು ಚಪ್ಪಟೆಯಾಗೇ ಬರುತ್ತೆ.' ಈ ಮಾತನ್ನು ಯಾರು ಶುರು ಮಾಡಿದರೋ! ವಿರಾಜಪೇಟೆಯಲ್ಲೂ ಕೇಳಿದ್ದೇನೆ, ಸೋಮವಾರಪೇಟೆಯಲ್ಲೂ ಕೇಳಿದ್ದೇನೆ. ಹೋಮ್‌ಸ್ಟೇಗೆಂದು ಒಂದೇ ಸಲ ಹತ್ತು ಹಾಸಿಗೆ ತರಿಸುವವರೂ ಇದನ್ನೇ ಹೇಳುತ್ತಾರೆ.

ಫೋಮ್ ಅಂದರೆ ಸಣ್ಣ ಸಣ್ಣ ಗೂಡುಗಳ ರಾಶಿ. ಗೂಡಿನಿಂದ ಗೂಡಿಗೆ ಕಿಂಡಿ ಇರುತ್ತದೆ, ಗಾಳಿ ಓಡಾಡುತ್ತದೆ. ಫ್ಯಾಕ್ಟರಿಯಲ್ಲಿ ಹಾಸಿಗೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಪ್ರೆಸ್‌ನಲ್ಲಿ ಒತ್ತಿ, ಚೀಲದ ಬಾಯಿ ಅಂಟಿಸಿ ಸುತ್ತುತ್ತಾರೆ. ಹೊರಗೆ ಹೋದದ್ದು ಬರೀ ಗಾಳಿ. ಪಾತ್ರೆ ತೊಳೆಯುವ ಸ್ಪಂಜನ್ನು ದಿನಕ್ಕೆ ಎಷ್ಟು ಸಲ ಹಿಂಡುತ್ತೀರಿ? ಅದು ಸತ್ತಿದೆಯಾ?

ನಂಬಿಕೆ ಬರದಿದ್ದರೆ ನಮ್ಮ ಗೋಡೌನ್‌ನಲ್ಲಿ ನಡೆದದ್ದು ಕೇಳಿ. ಕಾಫಿ ಚೀಲ ಪೇರಿಸುವವರ ಹಾಗೆ ನಾವೂ ನೆಲಕ್ಕೆ ಮರದ ಹಲಗೆ ಹಾಕಿ, ಗೋಡೆಯಿಂದ ಒಂದು ಅಡಿ ಬಿಟ್ಟು ರೋಲ್‌ಗಳನ್ನು ಮಲಗಿಸುತ್ತೇವೆ. ಒಂದು ಹಲಗೆಯ ಮೊಳೆ ಅರ್ಧ ಇಂಚು ಮೇಲೆ ಎದ್ದಿತ್ತು, ಯಾರೂ ನೋಡಿರಲಿಲ್ಲ. ಬಾಕ್ಸ್ ಇಳಿಸಿದಾಗ ಅದು ಒಳಗಿನ ಪ್ಲಾಸ್ಟಿಕ್‌ಗೆ ತಾಗಿದೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಸುಯ್ಯೆಂದು ಸದ್ದು. ಹಾವು ಅಂದುಕೊಂಡು ಲೋಡಿಂಗ್ ಹುಡುಗ ಹೊರಗೆ ಓಡಿದ. ಆಮೇಲೆ ಟಾರ್ಚ್ ಹಿಡಿದು ನೋಡಿದರೆ ಬಾಕ್ಸ್ ಬಸುರಿಯ ಹಾಗೆ ಉಬ್ಬಿದೆ, ಟೇಪ್ ಚರಚರ ಕೀಳುತ್ತಿದೆ. ಬೆಳಿಗ್ಗೆ ಬಂದಾಗ ಹಾಸಿಗೆ ಬಾಕ್ಸ್ ಹರಿದುಕೊಂಡು ಅರ್ಧ ಹೊರಗೆ ಬಂದಿತ್ತು. ಏಳು ವಾರ ಒತ್ತಿಟ್ಟಿದ್ದ ಮಾಲು ಅದು!

ಹಾಗಂತ ವರ್ಷಗಟ್ಟಲೆ ಇಡಬಹುದು ಅಂತಲ್ಲ. ತುಂಬಾ ದಿನ ಮಡಚಿಟ್ಟರೆ ಗೂಡಿನ ಗೋಡೆಗೆ ಆ ಮಡಿಕೆಯೇ ರೂಢಿಯಾಗಿಬಿಡುತ್ತದೆ. ಸೆಕೆಯಿದ್ದರೆ ಇನ್ನೂ ಬೇಗ. ಎರಡು-ಮೂರು ತಿಂಗಳೊಳಗೆ ಬಿಚ್ಚಿ ಅಂತ ತಯಾರಕರು ಹೇಳುವುದು ಇದಕ್ಕೇ. ಮೊದಲು ಬಂದದ್ದು ಮೊದಲು ಹೋಗಬೇಕು ಅಂತ ನಾವೂ ಪ್ರತಿ ಬಾಕ್ಸ್ ಮೇಲೆ ತಾರೀಕು ಬರೆಯುವುದು. ಅನುಮಾನ ಇದ್ದರೆ ಲೇಬಲ್‌ನಲ್ಲಿ ತಯಾರಾದ ತಿಂಗಳು ನೋಡಿ, ಸುಮ್ನೆ ಟೇಪ್ ಹಿಡಿಯಬೇಡಿ.

ಮತ್ತೆ 5 ಇಂಚು ಯಾಕೆ? ಚಳಿ. ಮೆಮೊರಿ ಫೋಮ್ (ಒತ್ತಿದರೆ ಮೆಲ್ಲಗೆ ಮೇಲೇಳುವ ಜಾತಿಯ ಫೋಮ್) ತಣ್ಣಗಾದರೆ ಗಟ್ಟಿಯಾಗುತ್ತದೆ, ನಿಧಾನವಾಗಿ ಏಳುತ್ತದೆ. ಒಂದೇ ದಿನ ಹೋದ ಒಂದೇ ಮಾಲು ಇಲ್ಲಿ ಕುಶಾಲನಗರದಲ್ಲಿ ರಾತ್ರಿಗೇ ಸರಿಯಾಗಿರುತ್ತದೆ, ಜುಲೈ ತಿಂಗಳ ಮಡಿಕೇರಿಯಲ್ಲಿ ಎರಡು ದಿನ ಹಿಡಿಯುತ್ತದೆ. 72 ಗಂಟೆ ಕಾಯಿರಿ. ಬೆಚ್ಚಗಿನ ಕೋಣೆಯಲ್ಲಿಡಿ. ಉಬ್ಬಲಿ ಅಂತ ಬಿಸಿಲಿಗೆ ಮಾತ್ರ ಹಾಕಬೇಡಿ. ಮಳೆ ನಿಂತ ಮೇಲೆ ಅಜ್ಜಿ ಕಾಫಿ ಕಣದಲ್ಲಿ ಹಾಸಿಗೆ ಒಣಗಿಸುತ್ತಿದ್ದರು, ನಿಜ. ಅದು ಹತ್ತಿಯದ್ದು. ಫೋಮ್ ಬಿಸಿಲಿಗೆ ಹಳದಿಯಾಗುತ್ತದೆ, ಆಮೇಲೆ ಪುಡಿಪುಡಿ. ಹೊರಗಿನ ಪ್ಲಾಸ್ಟಿಕ್ ಬಿಚ್ಚದೆ ಅದರ ಮೇಲೇ ಬೆಡ್‌ಶೀಟ್ ಹಾಸುವವರೂ ಇದ್ದಾರೆ. ನಮ್ಮ ಮಳೆಗೆ ಅಡಿಯಲ್ಲಿ ಬೂಸ್ಟು ಬರದೆ ಇನ್ನೇನು ಬರುತ್ತೆ?

ಸುತ್ತುವುದು ಬಾಡಿಗೆ ಉಳಿಸಲಿಕ್ಕೆ. ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ದಪ್ಪ ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದದ್ದನ್ನು ಕೆಜಿ ಅಂತ ಹಿಡಿಯುತ್ತಾರೆ. 78 ಇಂಚು ಉದ್ದ, 60 ಇಂಚು ಅಗಲದ ಕ್ವೀನ್ ಹಾಸಿಗೆ, 6 ಇಂಚು ದಪ್ಪ: ಚಪ್ಪಟೆಯಾಗಿ ಕಳಿಸಿದರೆ 92 ಕೆಜಿ ಲೆಕ್ಕ. ಅದನ್ನೇ ಸುತ್ತಿ 155 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಬಾಕ್ಸ್‌ಗೆ ಹಾಕಿದರೆ 28 ಕೆಜಿ. ಕೊಡಗು ಜಿಲ್ಲೆಗೆ ರೈಲಿಲ್ಲ, ಎಲ್ಲ ಮೈಸೂರು ಕಡೆಯಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಲಾರಿಯಲ್ಲೇ ಬರಬೇಕು. ಇಲ್ಲಿಂದ ಮುಂದೆ ತೋಟದ ದಾರಿ. ಲಾರಿ ಗೇಟಿನ ಹತ್ತಿರವೇ ನಿಲ್ಲುತ್ತದೆ, ರೋಲ್ ಆದರೆ ಜೀಪಿನ ಹಿಂದೆ ಹಾಕಿಕೊಂಡು ಹೋಗಬಹುದು, ಅಲ್ವಾ?

ಯಾರೂ ಕೇಳದ ಪ್ರಶ್ನೆಯೊಂದಿದೆ: ಬೇಡ ಅಂತ ವಾಪಸ್ ಕೊಟ್ಟ ಹಾಸಿಗೆ ಎಲ್ಲಿ ಹೋಗುತ್ತದೆ? ನಿಮ್ಮ ಅನುಮಾನಕ್ಕೂ ಉತ್ತರ ಅಲ್ಲೇ ಇದೆ. ಒಮ್ಮೆ ಬಿಚ್ಚಿದ್ದನ್ನು ನಾವು ಮತ್ತೆ ಸುತ್ತಲಾರೆವು. ನಾಲ್ಕು ಜನ ಮೇಲೆ ಕೂತು ಹಗ್ಗ ಬಿಗಿದರೂ ಆಗುವುದಿಲ್ಲ, ಮಾಡಿ ನೋಡಿದ್ದೇವೆ. ಅದಕ್ಕೆ ಆ ಪ್ರೆಸ್ಸೇ ಬೇಕು. ಅಂದರೆ ಗಾಳಿ ತೆಗೆದ ಪ್ಲಾಸ್ಟಿಕ್‌ನಲ್ಲಿ, ಬಿಗಿಯಾಗಿ, ಸುರುಳಿಯಾಗಿ ಬಂದಿದೆ ಅಂದರೆ ನಮ್ಮ ಗೋಡೌನ್‌ನಲ್ಲಿ ಅದನ್ನು ಯಾರೂ ಬಿಚ್ಚಿಲ್ಲ. ಹೆದರುವುದಿದ್ದರೆ ಚಪ್ಪಟೆಯಾಗಿ ಬಂದದ್ದಕ್ಕೆ ಹೆದರಿ!

ವಾಪಸ್ ಬಂದದ್ದು ಮೂರು ರೋಲ್‌ಗಳ ಜಾಗ ತಿನ್ನುತ್ತದೆ. ಹಿಂದಕ್ಕೆ ಕಳಿಸುವ ಬಾಡಿಗೆ ಗಿಟ್ಟುವುದಿಲ್ಲ. ಚೆನ್ನಾಗಿದ್ದರೆ ಯಾರಿಗಾದರೂ ಕೊಡಿ ಅನ್ನುತ್ತಾರೆ ಮಾರಿದವರು. ಇಲ್ಲದಿದ್ದರೆ ಸ್ಕ್ರ್ಯಾಪ್‌ಗೆ. ಅಂಥ ಫೋಮನ್ನು ಚೂರು ಮಾಡಿ, ಅಂಟು ಬೆರೆಸಿ, ಒತ್ತಿ ಗಟ್ಟಿ ಹಲಗೆಯ ಹಾಗೆ ಮಾಡುತ್ತಾರೆ. ಅದೇ ರೀಬಾಂಡೆಡ್ ಫೋಮ್. ಬೆನ್ನಿಗೆ ಒಳ್ಳೇದು ಅಂತ ಗಟ್ಟಿ ಹಾಸಿಗೆ ಕೊಂಡವರು ಒಂದು ಸಲ ಕವರಿನ ಜಿಪ್ ತೆಗೆದು ನೋಡಿ. ಒಳಗೆ ಬಣ್ಣ ಬಣ್ಣದ ಚೂರು ಕಂಡರೆ ಅದು ಇದೇ.