ಲಗ್ನಪತ್ರದ ಒಡೆದ ಶ್ರೀ

ಗದಗಿನ ನಮ್ಮ ದೊಡ್ಡಪ್ಪನ ಮನೆಗೆ ಲಗ್ನಪತ್ರದ ಕರಡು ಬಂತು. ಮೇಲಿನ 'ಶ್ರೀ' ಒಡೆದಿತ್ತು. ಮೊದಲು ಶ, ಪಕ್ಕದಲ್ಲಿ ಒಂಟಿ ಹಲಂತ, ಆಮೇಲೆ ರೀ. "ಶ್ರೀಕಾರಾನ ಒಡದೈತಿ, ಮುಹೂರ್ತ ಬದಲಿ ಮಾಡ್ರಿ" ಅಂದರು ದೊಡ್ಡಪ್ಪ. ಅಂಗಡಿಯ ಹುಡುಗ ವೈರಸ್ ಅಂದ. ಎರಡನ್ನೂ ಕೇಳಿ ನನಗೆ ತಡೆಯಲಾಗಲಿಲ್ಲ. ಫಾಂಟ್ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದೆ.

ಫಾಂಟ್ ಫೈಲನ್ನು ಬಿಚ್ಚಿ ತೋರಿಸುವ ಟಿಟಿಎಕ್ಸ್ ಅಂತ ಒಂದು ಸಲಕರಣೆ ಇದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಫಾಂಟ್‌ಟೂಲ್ಸ್ ಜೊತೆ ಪುಕ್ಕಟೆ ಬರುತ್ತದೆ. ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ ಕಿಟಕಿಯಲ್ಲಿ ಅದರ ಹೆಸರು, ಒಂದು ಅಡ್ಡಗೆರೆ, ಎಲ್, ಫೈಲಿನ ಹೆಸರು ಹೊಡೆದರೆ ಸಾಕು. ಫಾಂಟಿನ ಒಳಗಿನ ಟೇಬಲ್‌ಗಳ, ಅಂದರೆ ಮಾಹಿತಿಯ ಕೋಷ್ಟಕಗಳ, ಪಟ್ಟಿ ಬೀಳುತ್ತದೆ: ಸಿಮ್ಯಾಪ್, ಗ್ಲಿಫ್, ಹೆಡ್, ನೇಮ್. ಇಂಗ್ಲಿಷಿನಲ್ಲಿ ಒಂದೊಂದು ಹೆಸರೂ 4 ಅಕ್ಷರದ್ದೇ. ಸಿವಿಟಿ ಅನ್ನುವುದಕ್ಕೆ ಮೂರೇ ಇದ್ದವು, ಹಾಗಾಗಿ ಕೊನೆಗೊಂದು ಖಾಲಿ ಜಾಗ ಅಂಟಿಸಿದ್ದಾರೆ!

ಅಕ್ಷರಗಳನ್ನು ಕೂಡಿಸುವ ನಿಯಮಗಳಿರುವ ಜಿಸಬ್ ಎಂಬ ಟೇಬಲ್ ಮಾತ್ರ ಈ ಫೈಲಿನಲ್ಲಿ ಇರಲೇ ಇಲ್ಲ.

ಫಾಂಟ್ ಅಂದರೆ ಅಕ್ಷರಚಿತ್ರಗಳ ಚೀಲ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆಗಳಿವೆ. ಅದರಲ್ಲಿ 'ಶ್ರೀ'ಗೆ ಮನೆಯೇ ಇಲ್ಲ. ಶ, ಹಲಂತ, ರ, ೀ ಎಂದು ನಾಲ್ಕು ಸಂಕೇತ ಸಾಲಾಗಿ ನಿಂತಿರುತ್ತವೆ, ಅಷ್ಟೇ. ಯಾವ ಸಂಕೇತಕ್ಕೆ ಯಾವ ಆಕಾರ ಅನ್ನುವುದನ್ನು ಸಿಮ್ಯಾಪ್ ಹೇಳುತ್ತದೆ. ಇವು ಕೂಡಿ ಬಂದರೆ ಏನಾಗಬೇಕು ಅನ್ನುವುದು ಜಿಸಬ್‌ನ ಕೆಲಸ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ಕಲಸುವವನನ್ನು ನೋಡಿ. ಚುರುಮುರಿ, ಉಳ್ಳಾಗಡ್ಡಿ, ಗೊಜ್ಜು, ಪುಟಾಣಿ ಹಿಟ್ಟು ಬೇರೆ ಬೇರೆ ಡಬ್ಬಿಯಲ್ಲಿರುತ್ತವೆ. ಡಬ್ಬಿಗಳ ಚೀಟಿ ಸಿಮ್ಯಾಪ್, ಕಲಸುವ ಕೈ ಜಿಸಬ್. ಕೈಯೇ ಇಲ್ಲದಿದ್ದರೆ ನಾಲ್ಕು ಡಬ್ಬಿ ಎದುರಿಗೆ ಬಂದು ಕೂರುತ್ತವೆ. ಲಗ್ನಪತ್ರದಲ್ಲಿ ಆಗಿದ್ದೂ ಅದೇ ಅಲ್ವಾ?

ಗದಗಿನಂಥ ಅಚ್ಚುಮನೆಗಳ ಊರಿಗೆ ಇದು ಹೊಸದೇನಲ್ಲ. ಸೀಸದ ಕಾಲದಲ್ಲಿ ಒತ್ತಕ್ಷರಕ್ಕೆ ಬೇರೆ ಮೊಳೆ ಇರುತ್ತಿತ್ತು. ಅದನ್ನು ಎಲ್ಲಿ ಕೂರಿಸಬೇಕೆಂದು ಮೊಳೆ ಜೋಡಿಸುವವನ ಬೆರಳಿಗೆ ಗೊತ್ತಿತ್ತು. ಆಮೇಲೆ ಬಂದ ನುಡಿ, ಬರಹದ ಹಳೆಯ ಫಾಂಟ್‌ಗಳು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದವು. ತುಂಡು ಜೋಡಿಸುವ ಬುದ್ಧಿ ಆಗ ಕೀಲಿಮಣೆಯ ಸಾಫ್ಟ್‌ವೇರ್‌ನಲ್ಲಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಕಸ ಕಾಣುತ್ತಿತ್ತು. ಈಗ ಆ ಬುದ್ಧಿಯಲ್ಲಿ ಅರ್ಧ ಫಾಂಟ್‌ನೊಳಗೇ ಬಂದಿದೆ. ಇನ್ನರ್ಧ, ಫಾಂಟ್ ಓದಿ ಅಕ್ಷರ ಜೋಡಿಸುವ ಹಾರ್ಫ್‌ಬಜ್‌ನಂಥ ತಂತ್ರಾಂಶದಲ್ಲಿದೆ. 'ಸೂರ್ಯ'ದಲ್ಲಿ ರ ಮೊದಲು ಉಚ್ಚಾರವಾದರೂ ಅರ್ಕಾವತ್ತು ಕೊನೆಗೆ ಬರುತ್ತದೆ ನೋಡಿ. ಆಕಾರ ಬದಲಿಸುವುದು ಜಿಸಬ್, ಹಿಂದಕ್ಕೆ ಸರಿಸುವುದು ಹಾರ್ಫ್‌ಬಜ್.

ಫಾಂಟನ್ನು ಒಂದು ರೂಪದಿಂದ ಇನ್ನೊಂದಕ್ಕೆ ದಾಟಿಸುವಾಗ ಇಂಥ ಟೇಬಲ್ ಉದುರಿಹೋಗುವುದುಂಟು. ಜಿಸಬ್ ಇರುವ ಬೇರೆ ಫಾಂಟ್ ತೆಗೆದುಕೊಂಡೆ. ಯಾವ ಆಕಾರಗಳು ಬರುತ್ತವೆ ಎಂದು ತೋರಿಸುವ ಹಾರ್ಫ್‌ಬಜ್‌ನ ಎಚ್‌ಬಿ-ಶೇಪ್‌ ಸಲಕರಣೆಗೆ 'ಶ್ರೀ' ಕೊಟ್ಟೆ. ಹೋಗಿದ್ದು 4 ಸಂಕೇತ, ಬಂದದ್ದು 3 ಆಕಾರ: ಶಿ, ರ ಒತ್ತು, ದೀರ್ಘ.

ಹೊಸ ಕರಡಿಗೆ ದೊಡ್ಡಪ್ಪ ಖುಷಿಯಿಂದ ಅರಿಶಿನ ಹಚ್ಚಿದರು. ಮುಹೂರ್ತವನ್ನು ಮಾತ್ರ ಅಷ್ಟೊತ್ತಿಗೆ ಬದಲಿಸಿಯಾಗಿತ್ತು.