ಕ್ವಾ ಗುಂಪಿನಿಂದ ಯೊರುಬಾ ಯಾಕೆ ಹೊರಬಿತ್ತು?

ಘಾನಾದ ಅಕಾನ್ ಮತ್ತು ಗಾ, ಘಾನಾ-ಟೋಗೋ ಗಡಿಯ ಎರಡೂ ಕಡೆ ಆಡುವ ಎವೆ, ಬೆನಿನ್‌ನ ಫೋನ್, ಐವರಿ ಕೋಸ್ಟ್‌ನ ಬೌಲೆ: ಇವೆಲ್ಲ ಇವತ್ತು ಕ್ವಾ ಭಾಷೆಗಳು. ಆಫ್ರಿಕಾದ ನೈಜರ್-ಕಾಂಗೋ ಎಂಬ ದೊಡ್ಡ ಭಾಷಾಕುಟುಂಬದ ಒಂದು ಕೊಂಬೆ. 1963ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ ಕೊಟ್ಟ ಪಟ್ಟಿಯಲ್ಲಿ ಈ ಕೊಂಬೆ ಇನ್ನೂ ದೊಡ್ಡದಿತ್ತು. ನೈಜೀರಿಯಾದ ಯೊರುಬಾ, ಇಗ್ಬೊ, ಇಜೊ ಅದರಲ್ಲಿದ್ದವು. ಲೈಬೀರಿಯಾ ಕಡೆಯ ಕ್ರು ಭಾಷೆಗಳೂ ಇದ್ದವು.

ಕೇಳುವುದಕ್ಕೆ ಇವು ನಿಜಕ್ಕೂ ಒಂದೇ ಥರ. ಪದಗಳು ಚಿಕ್ಕವು. ದನಿ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ತುಟಿಯನ್ನೂ ನಾಲಿಗೆಯ ಹಿಂಭಾಗವನ್ನೂ ಒಟ್ಟಿಗೆ ಮುಚ್ಚಿ ಬಿಡುವ ಕ್ಪ, ಗ್ಬ ಎಂಬ ಸದ್ದುಗಳು ಇವುಗಳಲ್ಲಿ ಹಲವಕ್ಕೆ ಮಾಮೂಲಿ.

ಆದರೆ ಇಂಥ ಗುಣಗಳು ನೆರೆಹೊರೆಯಿಂದಲೂ ಬರುತ್ತವೆ. ಮರಾಠಿಯಲ್ಲಿ ನಮ್ಮ ಹಾಗೇ ಳ ಇದೆ. ಅಷ್ಟಕ್ಕೇ ಅದು ದ್ರಾವಿಡ ಆಗಲ್ಲ, ಅಲ್ವಾ? ನಂಟು ತೋರಿಸಬೇಕಾದರೆ ಕೈ, ಕಣ್ಣು, ನೀರಿನಂಥ ಪದಗಳಲ್ಲಿ ಸದ್ದುಗಳು ಕ್ರಮವಾಗಿ ಹೊಂದಬೇಕು. ತಾಯಿಭಾಷೆಯಲ್ಲಿ, ಅಂದರೆ ಇವೆಲ್ಲ ಹುಟ್ಟಿದ ಮೂಲ ಭಾಷೆಯಲ್ಲಿ, ಒಮ್ಮೆ ಆದ ಬದಲಾವಣೆ ಮಕ್ಕಳಲ್ಲೆಲ್ಲ ಉಳಿದಿರಬೇಕು. ಭಾಷಾವಿಜ್ಞಾನಿಗಳಾದ ಬೆನೆಟ್ ಮತ್ತು ಸ್ಟರ್ಕ್ 1977ರಲ್ಲಿ ಇಂಥ ಪದಗಳನ್ನೂ ಹಂಚಿಕೊಂಡ ಬದಲಾವಣೆಗಳನ್ನೂ ಹೋಲಿಸಿ ಮತ್ತೆ ನೋಡಿದಾಗ ಗ್ರೀನ್‌ಬರ್ಗ್ ಎಳೆದ ಗಡಿ ನಿಲ್ಲಲಿಲ್ಲ. ಯೊರುಬಾ, ಇಗ್ಬೊ ಈಗ ಅದೇ ಕುಟುಂಬದ ಇನ್ನೊಂದು ಕೊಂಬೆಯಾದ ಬೆನ್ವೆ-ಕಾಂಗೋ ಕಡೆ ಇವೆ. ಸ್ವಾಹಿಲಿ, ಜುಲು ಇರುವುದೂ ಅಲ್ಲೇ. ಕ್ರು, ಇಜೊ ಕೂಡ ಹೊರಬಂದವು.

ನನಗೆ ಜಾಸ್ತಿ ಕುತೂಹಲ ಘಾನಾ-ಟೋಗೋ ಗಡಿಯ ಗುಡ್ಡಗಳ ಪುಟ್ಟ ಭಾಷೆಗಳ ಮೇಲೆ. ಹಿಂದೆ ಇವನ್ನು 'ಉಳಿಕೆ ಭಾಷೆಗಳು' ಎಂದು ಬದಿಗಿಟ್ಟಿದ್ದರು. ಅಲ್ಲಿಯ ಸಿವು ಭಾಷೆ ನೋಡಿ. ಜನ ಮಾವು, ಊರು ಕಾವು, ಭಾಷೆ ಸಿವು. ಪದದ ತಲೆ, ಅಂದರೆ ಮೊದಲ ತುಣುಕು, ಬದಲಾದರೆ ನಾಮಪದದ ವರ್ಗ ಬದಲಾಗುತ್ತದೆ, ಥೇಟ್ ಸ್ವಾಹಿಲಿಯ ಹಾಗೆ. ಅಕಾನ್‌ನಲ್ಲಿ ಇದರ ಚೂರುಪಾರು ಮಾತ್ರ ಉಳಿದಿದೆ: ಮಗು ಅಬೊಫ್ರಾ, ಮಕ್ಕಳು ಮ್ಮೊಫ್ರಾ. ಎವೆಯಲ್ಲಿ ಇನ್ನೂ ಕಡಿಮೆ. ಅಂದರೆ ಈ ವರ್ಗಗಳು ಹಳೆಯ ಆಸ್ತಿ. ಕೆಲವು ಭಾಷೆಗಳು ಅದನ್ನು ಕಳೆದುಕೊಂಡವು. ಒಂದೇ ವಸ್ತುವನ್ನು ಇಬ್ಬರು ಬೇರೆಬೇರೆಯಾಗಿ ಕಳೆದುಕೊಳ್ಳಬಹುದು, ಅದಕ್ಕೆ ನಂಟು ಬೇಕಿಲ್ಲ. ತಲೆ ಕಳಚಿದರೆ ಪದ ಚಿಕ್ಕದಾಗುತ್ತದೆ. 'ಚಿಕ್ಕ ಪದ' ಎಂಬ ಹಳೆಯ ಗುರುತು ಸಡಿಲವಾಗಿದ್ದು ಇದರಿಂದಲೇ.

ಚಿಕ್ಕದಾದ ಮೇಲೂ ಕ್ವಾ ಗಟ್ಟಿಯಾಗಿಲ್ಲ. ಭಾಷಾವಿಜ್ಞಾನಿ ಜಾನ್ ಸ್ಟುವರ್ಟ್ ಅಕಾನ್ ಮತ್ತು ಅದರ ಹತ್ತಿರದ ಭಾಷೆಗಳ ತಾಯಿಭಾಷೆಯನ್ನು ಕಟ್ಟಿ ನೋಡುವುದರಲ್ಲಿ ವರ್ಷಗಟ್ಟಲೆ ದುಡಿದರು. ಆ ತುಂಡು ಚೆನ್ನಾಗಿ ನಿಲ್ಲುತ್ತದೆ. ಅಕಾನ್ ಮತ್ತು ಎವೆಗೆ, ಬೆನ್ವೆ-ಕಾಂಗೋದ ಪಾಲಿಲ್ಲದ, ಅವೆರಡಕ್ಕೇ ಸೇರಿದ ಒಬ್ಬ ತಾಯಿ ಇದ್ದಳೇ ಎಂಬುದರ ಮೇಲೆ ಮಾತ್ರ ಇನ್ನೂ ವಾದ ನಡೆದಿದೆ.