ಹೃದಯ ವೈಫಲ್ಯದಲ್ಲಿ ಕೀಟೋನ್ ಪೂರಕ: ಮಿತವ್ಯಯದ ಇಂಧನವೋ, ಹೆಚ್ಚುವರಿ ಇಂಧನವೋ?

ಯಕೃತ್ತು ಕೊಬ್ಬಿನಿಂದ ತಯಾರಿಸುವ ಕೀಟೋನನ್ನು 'ಕಡಿಮೆ ಆಮ್ಲಜನಕದಲ್ಲಿ ಹೆಚ್ಚು ಶಕ್ತಿ ಕೊಡುವ ಇಂಧನ' ಎಂದು ಒಂದೇ ಸಾಲಿನಲ್ಲಿ ಬರೆದುಕೊಂಡು ಮುಂದೆ ಹೋಗುವುದು ಸುಲಭ. ಆದರೆ ರೋಗಿಗಳಲ್ಲಿ ನಡೆದ ಅಳತೆಗಳು ಆ ಸಾಲನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ.

ಯಕೃತ್ತು ಕೊಬ್ಬಿನಾಮ್ಲಗಳಿಂದ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಮುಖ್ಯ ಕೀಟೋನನ್ನು ತಯಾರಿಸುತ್ತದೆಯಾದರೂ, ಅದನ್ನು ಉರಿಸಲು ಬೇಕಾದ ಸ್ಕಾಟ್ ಎಂಬ ಕಿಣ್ವ ಅಲ್ಲಿಲ್ಲ, ಹೃದಯದಲ್ಲಿದೆ. ಹೃದಯಕ್ಕೆ ಹೋಗುವ ಮತ್ತು ಅಲ್ಲಿಂದ ಹೊರಬರುವ ರಕ್ತವನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಂಕೋಚನ ಶಕ್ತಿ ಉಳಿದಿರುವ ಹೃದಯದ ಇಂಧನದಲ್ಲಿ ಕೀಟೋನಿನ ಪಾಲು ಶೇ. 6ರಷ್ಟಿದ್ದರೆ, ಆ ಶಕ್ತಿ ಕುಂದಿದ ಹೃದಯದಲ್ಲಿ ಅದು ಶೇ. 16ರಷ್ಟು.

ಹಾಗಾದರೆ ಹೊರಗಿನಿಂದ ಕೀಟೋನ್ ಕೊಟ್ಟರೆ ಏನಾಗುತ್ತದೆ? ಡೆನ್ಮಾರ್ಕಿನ ಆರ್ಹಸ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ರೋಗಿಗಳಿಗೆ ಮೂರು ಗಂಟೆ ರಕ್ತನಾಳದ ಮೂಲಕ ಅದನ್ನು ನೀಡಿದಾಗ, ಹೃದಯ ಪಂಪು ಮಾಡುವ ರಕ್ತ ನಿಮಿಷಕ್ಕೆ ಸುಮಾರು 2 ಲೀಟರ್ ಹೆಚ್ಚಿತು, ಎಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತದಲ್ಲಿ ಹೃದಯ ಹೊರದೂಡುವ ರಕ್ತದ ಶೇಕಡಾವಾರು ಪಾಲು) 8 ಶೇಕಡಾ ಅಂಶ ಏರಿತು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಮುಂದಿನ ಅಳತೆ: ಹೃದಯಸ್ನಾಯು ಬಳಸಿದ ಆಮ್ಲಜನಕವೂ ಜೊತೆಗೇ ಏರಿತು, ದಕ್ಷತೆ ಮಾತ್ರ ಇದ್ದಲ್ಲೇ ಇತ್ತು. ಪ್ರತಿ ಆಮ್ಲಜನಕ ಪರಮಾಣುವಿಗೆ ಸಿಗುವ ಎಟಿಪಿಯನ್ನು (ಜೀವಕೋಶ ನೇರವಾಗಿ ಬಳಸುವ ಶಕ್ತಿಯ ಅಣು) ಲೆಕ್ಕ ಹಾಕಿದರೂ ಪಾಮಿಟೇಟ್ ಎಂಬ ಕೊಬ್ಬಿನಾಮ್ಲಕ್ಕೆ 2.33, ಕೀಟೋನಿಗೆ 2.50, ಗ್ಲೂಕೋಸಿಗೆ 2.58, ಅಂದರೆ ಮಿತವ್ಯಯದಲ್ಲಿ ಗ್ಲೂಕೋಸೇ ಮುಂದು. ಇಲಿಯ ಹೃದಯಗಳ ಮೇಲೆ ಕೆನಡಾದಲ್ಲಿ ನಡೆದ ಕೆಲಸವೂ ಇದೇ ದಿಕ್ಕನ್ನು ತೋರಿಸಿತು. ಇದು ಒಲೆಗೆ ಇನ್ನೊಂದು ಸೌದೆ ಒಡ್ಡಿದಂತೆ, ಒಲೆಯನ್ನೇ ಬದಲಿಸಿದಂತಲ್ಲ. ರಕ್ತನಾಳಗಳು ಹಿಗ್ಗಿ ಹೃದಯದ ಹೊರೆ ಇಳಿದದ್ದನ್ನೂ ಈ ಲಾಭದ ಲೆಕ್ಕಕ್ಕೆ ಸೇರಿಸಬೇಕು.

ಬಾಯಿಂದ ಕುಡಿಯುವ ಪೂರಕಗಳಲ್ಲಿ ಲವಣ (ಖನಿಜದೊಂದಿಗೆ ಬೆಸೆದ ಕೀಟೋನ್) ಮತ್ತು ಎಸ್ಟರ್ (ಆಲ್ಕೋಹಾಲ್ ಬಗೆಯ ಅಣುವಿನೊಂದಿಗೆ ಬೆಸೆದ ಕೀಟೋನ್) ಎಂಬ ಎರಡು ಬಗೆಗಳಿವೆ, ಇವೆರಡನ್ನೂ ಒಂದೇ ಎಂದು ಭಾವಿಸಬಾರದು. ಕೀಟೋನ್ ಲವಣಗಳು ಸಾಮಾನ್ಯವಾಗಿ ಗಣನೀಯ ಪ್ರಮಾಣದ ಸೋಡಿಯಂ ಹೊತ್ತು ತರುತ್ತವೆ. ಉಪ್ಪು ಕಡಿಮೆ ಮಾಡಿ ಎಂದು ಹೇಳಿಸಿಕೊಂಡ ರೋಗಿಗೆ ಅದು ಸಣ್ಣ ವಿಷಯವಲ್ಲ. ಎಸ್ಟರ್ ಬಲು ಕಹಿ, ಆದರೆ ಸೋಡಿಯಂ ಇಲ್ಲದೆಯೇ ರಕ್ತದ ಕೀಟೋನನ್ನು ಬೇಗ ಏರಿಸುತ್ತದೆ. ಆಗ ರಕ್ತದ ಗ್ಲೂಕೋಸ್ ಇಳಿಯುತ್ತದೆ. ನಯಾಸಿನ್ (ವಿಟಮಿನ್ ಬಿ3) ಕೆಲಸ ಮಾಡುವ ಗ್ರಾಹಕದ ಮೂಲಕವೇ ಕೊಬ್ಬಿನ ಕೋಶಗಳಿಗೆ ತಡೆ ಬಿದ್ದು, ರಕ್ತಕ್ಕೆ ಬರುವ ಕೊಬ್ಬಿನಾಮ್ಲವೂ ತಗ್ಗುತ್ತದೆ. ರಕ್ತ ಸ್ವಲ್ಪ ಆಮ್ಲೀಯವಾಗುತ್ತದೆ. ಹೀಗಾಗಿ, ತಾವೇ ಕೀಟೋನನ್ನು ಏರಿಸುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ, ಮಧುಮೇಹಕ್ಕೂ ಹೃದಯ ವೈಫಲ್ಯಕ್ಕೂ ಕೊಡುವ ಮಾತ್ರೆಗಳನ್ನು ಸೇವಿಸುತ್ತಿರುವವರು, ಅದರಲ್ಲೂ ಇನ್ಸುಲಿನ್ ಕೊರತೆಯಿರುವ ಮಧುಮೇಹಿಗಳು, ವೈದ್ಯರನ್ನು ಕೇಳದೆ ಈ ಪೂರಕಗಳನ್ನು ಮುಟ್ಟಬಾರದು.

2024ರಲ್ಲಿ ಪ್ರಕಟವಾದ, ಎಸ್ಟರ್ ಕುಡಿಸಿ ನಡೆಸಿದ ಪ್ರಯೋಗದಲ್ಲಿದ್ದವರು 24 ರೋಗಿಗಳು, ಚಿಕಿತ್ಸೆಯ ಅವಧಿ ಎರಡು ವಾರ. ಅಲ್ಲಿಯೂ ಹೃದಯದ ಕೆಲಸ ಸುಧಾರಿಸಿತು, ಆದರೆ ಆಯುಷ್ಯ ಹೆಚ್ಚುತ್ತದೆಯೇ, ಆಸ್ಪತ್ರೆ ಸೇರುವುದು ತಪ್ಪುತ್ತದೆಯೇ ಎಂಬುದನ್ನು ಅಷ್ಟು ಚಿಕ್ಕ ಪ್ರಯೋಗದಿಂದ ಅಳೆಯಲಾಗದು.